ರೋಹಿಣಿ ಅಕ್ಕೋರು ಕೆಡಿಸಿದ ಬಳಚಿನ ಸಾರು

ಮೂವತ್ತೆರಡು ವರ್ಷ ಮಾಸ್ತರಿಕೆ ಮಾಡಿದ ನನಗೆ ಒಂದೇ ಒಂದು ಜಂಬವಿತ್ತು. ನನ್ನ ಶಾಲೆಯ ಮಕ್ಕಳ ಅಕ್ಷರ ನೋಡಿ ಯಾರೂ ಮೂಗು ಮುರಿದದ್ದಿಲ್ಲ. ಅಘನಾಶಿನಿ ಹೊಳೆಯ ದಂಡೆಯಲ್ಲಿ, ಇಬ್ಬರೇ ಶಿಕ್ಷಕರಿರುವ ಸಣ್ಣ ಶಾಲೆ ಅದು. ನಾನು, ಕೃಷ್ಣಾನಂದ, ಅದರ ಮುಖ್ಯ ಶಿಕ್ಷಕ. ಇಲಾಖೆಯಿಂದ ಯಾರೇ ಬರಲಿ, ಕುರ್ಚಿ ಹಾಕಿ, ಎಳನೀರು ಕೊಟ್ಟು, ನಾಲ್ಕನೇ ತರಗತಿಯ ದಿವ್ಯಶ್ರೀಯ ನೋಟ್‌ಬುಕ್ ತಂದು ಕೈಗಿಡುತ್ತಿದ್ದೆ. ‘ನನ್ನ ಊರು’, ‘ನನ್ನ ಶಾಲೆ’, ‘ಹಸು’. ಒಂದು ಹೊಡೆದುಹಾಕಿದ ಅಕ್ಷರವಿಲ್ಲ, ಒಂದು ಚಿತ್ತಿಲ್ಲ, ಅಚ್ಚು ಹಾಕಿದ ಹಾಗಿತ್ತು. ಬಂದವರು ಎರಡು ಹಾಳೆ ತಿರುವಿ, ತಲೆ ಆಡಿಸಿ, ಸಹಿ ಮಾಡಿ ಹೋಗುತ್ತಿದ್ದರು. ಯಾರೂ ಓದುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಓದುತ್ತಿರಲಿಲ್ಲ.

ಓದಿದವರು ರೋಹಿಣಿ ಅಕ್ಕೋರು. ನಮ್ಮ ಕಡೆ ಮಾಸ್ತರಮ್ಮನವರನ್ನು ಮಕ್ಕಳು ಕರೆಯುವುದೇ ಅಕ್ಕೋರು ಎಂದು. ಜೂನ್ ತಿಂಗಳಲ್ಲಿ ವರ್ಗವಾಗಿ ಬಂದ ಅವರು ಮೂರನೇ ವಾರ ಆ ನೋಟ್‌ಬುಕ್ ಹಿಡಿದು ನನ್ನ ಮೇಜಿನ ಎದುರು ನಿಂತರು.

“ಸರ್, ಈ ಹುಡುಗಿ ತಾನಾಗೇ ಬರೆದದ್ದು ಎಲ್ಲಿದೆ?”

“ನಿಮ್ಮ ಕೈಯಲ್ಲಿರೂದು ಮತ್ತೆಂತ?”

“ಇದು ನೀವು ಬೋರ್ಡಿನ ಮೇಲೆ ಬರೆದದ್ದು ಸರ್. ಹೊಳೆದಂಡೆ ಮೇಲೆ ಮನೆ ಇರೋ ಹುಡುಗಿ, ‘ನನ್ನ ಊರಿನಲ್ಲಿ ದೊಡ್ಡ ಕೆರೆ ಇದೆ’ ಅಂತ ಬರ್ದಿದ್ದಾಳೆ. ಎಲ್ಲಿದೆ ಕೆರೆ?”

ನನಗೆ ಸಿಟ್ಟು ನೆತ್ತಿಗೇರಿತು. ಕೆರೆ ಎಲ್ಲಿಯೂ ಇರಲಿಲ್ಲ. ಅದು ನಾನು ಕೆಲಸಕ್ಕೆ ಸೇರಿದ ವರ್ಷ ಕೊಂಡ ಪ್ರಬಂಧದ ಪುಸ್ತಕದಲ್ಲಿತ್ತು.

ಈ ಹೆಂಗಸು ತರಗತಿಯಲ್ಲಿ ಮಾಡುವುದಾದರೂ ಏನು ಎಂದು ನೋಡಲು ಅಂದಿನಿಂದ ಕಿಟಕಿಯ ಹೊರಗೆ ಸುಳಿದಾಡತೊಡಗಿದೆ. ನಲ್ಲಿಯ ನೀರು ನೋಡುವ ನೆಪ, ತೆಂಗಿನ ಕಟ್ಟೆ ನೋಡುವ ನೆಪ. ಅವರ ಹತ್ತಿರ ಕೆಂಪು ಪೆನ್ನೇ ಇರಲಿಲ್ಲ. ಮಕ್ಕಳು ಎರಡು ಸಾಲು ಬರೆದರೂ ಸರಿ, ಹತ್ತು ಬರೆದರೂ ಸರಿ, ಅದರ ಕೆಳಗೆ ಪೆನ್ಸಿಲಿನಲ್ಲಿ ಒಂದು ಪ್ರಶ್ನೆ ಬರೆದು ವಾಪಸು ಕೊಡುತ್ತಿದ್ದರು. ಸಂತೋಷ ಎಂಬ ಹುಡುಗ ‘ನಮ್ಮ ಮನೆಯಲ್ಲಿ ಕೋಳಿ ಇದೆ’ ಎಂದಷ್ಟೇ ಬರೆದಿದ್ದ. ಅಕ್ಕೋರು ಕೇಳಿದ್ದು: ‘ಅದು ಎಲ್ಲಿ ಮಲಗುತ್ತದೆ?’ ಮರುದಿನ ಮುಕ್ಕಾಲು ಪುಟ. ಕೋಳಿ ಅಜ್ಜನ ಸ್ಕೂಟರಿನ ಸೀಟಿನ ಮೇಲೆ ಮಲಗುತ್ತದೆ, ಅಜ್ಜ ದಿನಾ ಬೆಳಿಗ್ಗೆ ಬೈಯುತ್ತಾ ಸೀಟು ಒರೆಸುತ್ತಾನೆ, ಕೋಳಿಯನ್ನು ಸಾರು ಮಾಡುತ್ತೇನೆ ಎನ್ನುತ್ತಾನೆ, ಆದರೆ ಅದಕ್ಕೆಂದು ಸೀಟಿನ ಮೇಲೆ ಗೋಣಿಚೀಲ ಹಾಸಿದವನೂ ಅವನೇ. ಇದನ್ನು ನಾನು ಆಟದ ಬಿಡುವಿನಲ್ಲಿ ಕಳ್ಳನ ಹಾಗೆ ನಿಂತು ಓದಿದೆ. ನಗು ಬಂತು. ಅಷ್ಟರಲ್ಲಿ ಅಕ್ಕೋರು ಒಳಗೆ ಬಂದದ್ದರಿಂದ ಕೆಮ್ಮಿದೆ.

ಅವರು ಈ ಬುದ್ಧಿ ಎಲ್ಲಿಂದ ಕಲಿತರೆಂದು ಕೆದಕಿ ಕೆದಕಿ ಕೇಳಿದೆ. ಹುಟ್ಟಿದ್ದು ಹೊಳನಗದ್ದೆಯಲ್ಲಿ. ಅಪ್ಪ ಸುಬ್ಬ ಬೇರೆಯವರ ಗದ್ದೆಯಲ್ಲಿ ಕೆಲಸಕ್ಕೆ ಹೋಗುತ್ತಿದ್ದವರು. ಐದನೇ ತರಗತಿಯಲ್ಲಿ ಒಂದು ದಿನ ಈಕೆ ರಜಾ ಚೀಟಿ ಬರೆದುಕೊಂಡು ಹೋಗಿದ್ದರಂತೆ. ಉಳಿದವರೆಲ್ಲ ಜ್ವರ ಎಂದು ಬರೆಯುತ್ತಿದ್ದರು. ಈಕೆ ‘ನಮ್ಮ ಎಮ್ಮೆ ಕರು ಹಾಕಿದೆ, ಕರುವಿನ ಒಂದು ಕಿವಿ ಮಡಚಿಕೊಂಡಿದೆ, ಅದು ಬಿಚ್ಚುತ್ತದೋ ಎಂದು ನೋಡಬೇಕು, ಆದ್ದರಿಂದ ನಾಳೆ ಬರುವುದಿಲ್ಲ’ ಎಂದು ಬರೆದರು. ಮರುದಿನ ಸಂಜೆ ಅವರ ಮಾಸ್ತರು ಸೈಕಲ್ ಹೊಡೆದುಕೊಂಡು ಕರು ನೋಡಲು ಬಂದೇಬಿಟ್ಟರಂತೆ.

“ಕಿವಿ ಬಿಚ್ಚಿತ್ತಾ?” ಎಂದು ಕೇಳಿದೆ.

“ಬಿಚ್ಚಿತು ಸರ್. ಆದ್ರೆ ನಾನು ಬರೆದದ್ದಕ್ಕೆ ಒಬ್ಬರು ಸೈಕಲ್ ಹತ್ಕಂಡು ಬಂದ್ರಲ್ಲ, ನಂಗೆ ಅದೇ ದೊಡ್ಡದಾತು.”

ಆಮೇಲೆ ಶಿಕ್ಷಕಿಯಾಗಿ ಭಟ್ಕಳದಲ್ಲಿ ಆರು ವರ್ಷ. ಅಲ್ಲಿ ಮನೆಯಲ್ಲಿ ನವಾಯತಿ ಭಾಷೆ ಆಡುವ ಮಕ್ಕಳು ಕನ್ನಡದ ಶಬ್ದ ಸಿಗದೆ ಪೆನ್ಸಿಲ್ ಕಚ್ಚುತ್ತ ಕೂರುತ್ತಿದ್ದರಂತೆ. ಮನೆಯ ಶಬ್ದವನ್ನೇ ಬರೆಯಿರಿ, ನನಗೆ ಗೊತ್ತಾಗದಿದ್ದರೆ ನಿಮ್ಮನ್ನೇ ಕೇಳುತ್ತೇನೆ ಎಂದರಂತೆ ಈಕೆ. ಮಕ್ಕಳು ಅಕ್ಕೋರಿಗೆ ಪಾಠ ಹೇಳುವ ಉಮೇದಿನಲ್ಲಿ ಬರೆದರು.

ನಮ್ಮಲ್ಲೂ ಎಲ್ಲರೂ ಬರೆಯತೊಡಗಿದರು, ದಿವ್ಯಶ್ರೀ ಒಬ್ಬಳನ್ನು ಬಿಟ್ಟು. ಅವಳು ಮೇಲೆ ತಾರೀಖು ಬರೆಯುತ್ತಿದ್ದಳು, ಅದರ ಕೆಳಗೆ ಸ್ಕೇಲಿಟ್ಟು ಗೆರೆ ಎಳೆಯುತ್ತಿದ್ದಳು, ಮತ್ತೆ ಕೈ ಕಟ್ಟಿ ಕೂರುತ್ತಿದ್ದಳು. ಹದಿನೈದು ದಿನ ಹದಿನೈದು ಖಾಲಿ ಪುಟ. ಬೋರ್ಡಿನ ಮೇಲೆ ಏನಾದರೂ ಬರೆದುಕೊಡಿ ಅಕ್ಕೋರೇ ಎಂದು ಒಂದು ದಿನ ಅತ್ತಳು. ಮರುದಿನದಿಂದ ಶಾಲೆಗೇ ಬರಲಿಲ್ಲ. ಅಜ್ಜಿ ಸುಕ್ರಿಯ ಜೊತೆ ಹೊಳೆಗೆ ಬಳಚು ತೆಗೆಯಲು ಹೋಗುತ್ತಿದ್ದಾಳೆ ಎಂದು ಮಕ್ಕಳು ಸುದ್ದಿ ತಂದರು. ಬಳಚೆಂದರೆ ಕೆಸರಿನಲ್ಲಿ ಸಿಗುವ ಚಿಪ್ಪುಮೀನು. ನೀರು ಇಳಿದಾಗ ಅರ್ಧ ಊರು ಅದನ್ನು ತೆಗೆಯಲು ಹೊಳೆಗಿಳಿಯುತ್ತದೆ.

ನಾಲ್ಕನೇ ದಿನ ನಾನು ಸಿಡಿದೆ. “ಇದ್ದ ಒಬ್ಬಳು ಒಳ್ಳೇ ಹುಡುಗಿಯನ್ನೂ ಓಡಿಸಿದ್ರಲ್ಲ ಅಕ್ಕೋರೇ! ಇನ್ನು ಅವಳು ಶಾಲೆ ಬಿಟ್ರೆ ಯಾರು ಹೊಣೆ?”

ಅಕ್ಕೋರ ಮುಖ ಬಾಡಿತ್ತು. “ನನಗೂ ಅದೇ ಹೆದರಿಕೆ ಸರ್,” ಎಂದರು. ಆಮೇಲೆ ಕೇಳಿದರು: “ಇವಳು ಬರೆದದ್ದಕ್ಕೆ ಮೊದಲು ಯಾರಾದ್ರೂ ಬೈದಿದ್ರಾ?”

“ನಮ್ಮ ಶಾಲೆಯಲ್ಲಿ ಅಂಥಾದ್ದೆಲ್ಲ ಇಲ್ಲ,” ಎಂದೆ. ಎದೆ ಮುಟ್ಟಿಕೊಂಡು ಹೇಳಿದೆ.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಅಕ್ಕೋರು ಹೊಳೆಗೆ ಹೊರಟರು. ನಾನೂ ಹಿಂದೆ ಹೋದೆ. ಏನು ಮಾಡುತ್ತಾರೋ ನೋಡಬೇಕಲ್ಲ. ಸುಕ್ರಿಯೂ ಮೊಮ್ಮಗಳೂ ಮೊಣಕಾಲು ನೀರಿನಲ್ಲಿ ಬಗ್ಗಿದ್ದರು. ಅಕ್ಕೋರು ಶಾಲೆಯ ಸುದ್ದಿ ಎತ್ತಲೇ ಇಲ್ಲ. ಸೀರೆ ಎತ್ತಿ ಸಿಕ್ಕಿಸಿ ನೀರಿಗಿಳಿದರು. ಅವರ ಚಪ್ಪಲಿ, ಬ್ಯಾಗು ಹಿಡಿದು ಮುಖ್ಯ ಶಿಕ್ಷಕನಾದ ನಾನು ದಂಡೆಯ ಮೇಲೆ ನಿಂತೆ.

ಅರ್ಧ ಗಂಟೆ ಕೆಸರು ತಡಕಿ ಅಕ್ಕೋರು ಇಪ್ಪತ್ತು ಬಳಚು ಒಟ್ಟು ಮಾಡಿದರು. ದಿವ್ಯಶ್ರೀ ಬಂದು ಅದರಲ್ಲಿ ಹದಿಮೂರನ್ನು ಎತ್ತಿ ಹೊಳೆಗೆಸೆದಳು.

“ಅದೆಂತಕ್ಕೆ ತಂಗೀ?”

“ಸತ್ತದ್ದು ಅಕ್ಕೋರೇ. ಬಾಯಿ ಮುಚ್ಕಂಡೇ ಇರ್ತದೆ, ಒಳಗೆ ಬರೀ ರಾಡಿ. ಒಂದು ಬಿದ್ರೂ ಪಾತ್ರೆಯೆಲ್ಲ ಹಾಳು.”

“ನಿಂಗೆ ಹೆಂಗೆ ಗೊತ್ತಾತು?”

ಹುಡುಗಿ ಅಜ್ಜಿಯ ಮುಖ ನೋಡಿದಳು. ಸುಕ್ರಿ ನಕ್ಕಳು. “ಇಷ್ಟು ಓದಿದ ಅಕ್ಕೋರಿಗೆ ಇದು ಗುತ್ತಿಲ್ವಾ?”

“ನಾನು ಗದ್ದೆಯವಳು. ನಾಟಿ ಗೊತ್ತು, ಇದು ಗೊತ್ತಿಲ್ಲ,” ಎಂದರು ಅಕ್ಕೋರು. “ನೀನು ಬಾಯಲ್ಲಿ ಹೇಳಿದ್ರೆ ಮನೆ ಮುಟ್ಟೂದ್ರೊಳಗೆ ಮರೆತುಹೋತದೆ ತಂಗೀ. ಹೆಂಗೆ ಆರಿಸೂದು, ಹೆಂಗೆ ಸಾರು ಮಾಡೂದು, ಒಂದು ಚೀಟಿ ಬರ್ದುಕೊಡು.”

ಕಾಗದವಿರಲಿಲ್ಲ. ನನ್ನ ಕಿಸೆಯಲ್ಲಿ ಇಲಾಖೆಯ ಸುತ್ತೋಲೆಯೊಂದಿತ್ತು. ಅಕ್ಕೋರು ಕೇಳದೆಯೇ ಎಳೆದುಕೊಂಡು, ತಿರುಗಿಸಿ, ಹುಡುಗಿಯ ಕೈಗಿತ್ತರು. ದಿವ್ಯಶ್ರೀ ಪೆನ್ಸಿಲ್ ಹಿಡಿದು ನನ್ನನ್ನೇ ನೋಡುತ್ತ ನಿಂತಳು.

“ಸರ್, ಸ್ವಲ್ಪ ಆ ಕಡೆ ನೋಡಿ,” ಎಂದರು ಅಕ್ಕೋರು.

ನಾನು ಹೊಳೆ ನೋಡಿದೆ. ಬಹಳ ಹೊತ್ತು ನೋಡಿದೆ. ತಿರುಗಿದಾಗ ಆರು ಸಾಲುಗಳಿದ್ದವು. ಒದ್ದೆ ಮೊಣಕಾಲಿನ ಮೇಲೆ ಇಟ್ಟು ಬರೆದ ಸೊಟ್ಟ ಸಾಲುಗಳು. ಸುಕ್ರಿ ಬುಟ್ಟಿಯಿಂದ ಆರಿಸದ ಬಳಚನ್ನು ಚೀಲಕ್ಕೆ ಸುರಿದು, “ಆರಿಸೂದು ಚೀಟಿ ನೋಡ್ಕಂಡು ನೀವೇ ಮಾಡಿ,” ಎಂದಳು.

ಸೋಮವಾರ ದಿವ್ಯಶ್ರೀ ಶಾಲೆಯ ಬಾಗಿಲವರೆಗೆ ಬಂದು ನಿಂತಿದ್ದಳು. ಸಾರು ಹೇಗಾಯಿತೆಂದು ತಿಳಿಯಲು ಬಂದವಳು, ಕೂರಲು ಅಲ್ಲ. ಅಕ್ಕೋರು ಬ್ಯಾಗಿನಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟು ಮುಚ್ಚಳ ಬಿಚ್ಚಿದರು. ಒಳಗಿದ್ದದ್ದು ಸಾರಲ್ಲ, ಕಪ್ಪು ರಾಡಿ. ಮಕ್ಕಳು ಮೂಗು ಮುಚ್ಚಿಕೊಂಡರು.

“ನೀನು ಬರೆದ ಹಾಗೇ ಮಾಡಿದೆ ತಂಗೀ. ಒಂದಕ್ಷರ ಬಿಡಲಿಲ್ಲ. ನೋಡು, ಎಂತ ಆತು!”

ನಾನು ಕಿಟಕಿಯ ಹೊರಗಿದ್ದೆ. ಮುಗಿಯಿತು, ಈ ಹುಡುಗಿ ಇನ್ನು ಈ ಕಡೆ ತಲೆ ಹಾಕುವುದಿಲ್ಲ ಎಂದುಕೊಂಡೆ. ಅಕ್ಕೋರು ಚೀಟಿ ಕೊಟ್ಟು ಓದಿಸಿದರು.

“ಬಳಚು ತೆಗೆದುಕೊಳ್ಳಿ. ಸತ್ತದ್ದನ್ನು ಬಿಸಾಡಿ. ಮೂರು ನೀರಿನಲ್ಲಿ ತೊಳೆಯಿರಿ. ಬೇಯಿಸಿ. ಬಾಯಿ ಬಿಡುತ್ತದೆ. ಕಾಯಿ ಅರೆದು ಹಾಕಿ.”

“ಸತ್ತದ್ದು ಅಂತ ಅಕ್ಕೋರಿಗೆ ಹೆಂಗೆ ಗುತ್ತಾಗೂದೇ?” ಎಂದು ಸಂತೋಷ ಕೂಗಿದ.

ದಿವ್ಯಶ್ರೀ ಚೀಟಿ ನೋಡಿದಳು, ರಾಡಿ ನೋಡಿದಳು. ಆಮೇಲೆ ಬಾಯಿ ಮೇಲೆ ಕೈಯಿಟ್ಟು ನಗತೊಡಗಿದಳು. “ಅಯ್ಯೋ ಅಕ್ಕೋರೇ, ಕುಟ್ಟಿ ನೋಡೂದು ಬರೀಲೇ ಇಲ್ಲ!” ಯಾರೂ ಹೇಳದೆ ಹೋಗಿ ತನ್ನ ಜಾಗದಲ್ಲಿ ಕುಳಿತು, ಸಾಲುಗಳ ನಡುವೆ ಇದ್ದ ಜಾಗದಲ್ಲೇ ತುರುಕಿ ಬರೆದಳು: ‘ಎರಡು ಬಳಚು ಹಿಡಿದು ಒಂದಕ್ಕೊಂದು ಕುಟ್ಟಿ. ಕಲ್ಲಿನ ಹಾಗೆ ಸದ್ದು ಬಂದರೆ ಇಟ್ಟುಕೊಳ್ಳಿ. ಸದ್ದು ಒಳಗೇ ಉಳಿದರೆ ಬಿಸಾಡಿ.’

ಬಿಡುವಿನಲ್ಲಿ ಒಳಗೆ ಹೋಗಿ ನಾನು ಅದನ್ನು ಮೂರು ಸಲ ಓದಿದೆ. ಸದ್ದು ಒಳಗೇ ಉಳಿದರೆ. ನನ್ನ ಪ್ರಬಂಧದ ಪುಸ್ತಕದಲ್ಲಿ ಇಂಥ ಒಂದು ಸಾಲೂ ಇರಲಿಲ್ಲ.

ಬೇಕೆಂದೇ ಸಾರು ಕೆಡಿಸಿದಿರಾ ಎಂದು ಅಕ್ಕೋರನ್ನು ಕೇಳಿದರೆ, “ಮನೆಯವರು ಅರ್ಧ ಊಟದಲ್ಲಿ ಎದ್ದುಹೋದ್ರು ಸರ್, ಬೇಕಂತ ಮಾಡ್ತಾರಾ?” ಎಂದರು. ನನಗೆ ಇವತ್ತಿಗೂ ಅನುಮಾನವಿದೆ.

ಆಮೇಲೆ ದಿವ್ಯಶ್ರೀ ಒಂದು ದಿನವೂ ತಪ್ಪಿಸಲಿಲ್ಲ. ಅವಳ ನೋಟ್‌ಬುಕ್ ಈಗ ಅಧಿಕಾರಿಗಳಿಗೆ ತೋರಿಸುವ ಹಾಗಿಲ್ಲ. ಹೊಡೆದುಹಾಕಿದ್ದು, ಬಾಣ ಎಳೆದು ಸೇರಿಸಿದ್ದು, ಅಂಚಿನಲ್ಲಿ ತುಂಬಿದ್ದು. ಆದರೆ ಕೈಗೆತ್ತಿಕೊಂಡವರು ಪುಟ ಮುಗಿಯುವವರೆಗೆ ಕೆಳಗಿಡುವುದಿಲ್ಲ.

ಮುಂದಿನ ವರ್ಷ ನನ್ನ ನಿವೃತ್ತಿ ಬಂತು. ಮಕ್ಕಳ ಕೈಬರಹದ ಪತ್ರಿಕೆಗೆ ನೀವೂ ಒಂದು ಬರೆಯಿರಿ ಎಂದು ಅಕ್ಕೋರು ಬೆನ್ನು ಹತ್ತಿದರು. ಎಲ್ಲಿಂದಲೂ ನೋಡಿ ಬರೆಯಬಾರದು ಎಂಬ ಷರತ್ತು ಬೇರೆ. ಎರಡು ವಾರ ತಿಣುಕಿ, ಅಕ್ಕೋರ ಬಗ್ಗೆಯೇ ಬರೆದೆ. ಇಲ್ಲಿಯವರೆಗೆ ನೀವು ಓದಿದ್ದು ಅದೇ. ಅಕ್ಕೋರು ಅದನ್ನು ಐದನೇ ತರಗತಿಗೆ ಬಂದಿದ್ದ ದಿವ್ಯಶ್ರೀಗೆ ಓದಲು ಕೊಟ್ಟರು. ವಾಪಸು ಬಂದಾಗ ಕೆಳಗೆ ಪೆನ್ಸಿಲಿನಲ್ಲಿ ಒಂದು ಪ್ರಶ್ನೆಯಿತ್ತು.

‘ಸರ್, ಎರಡನೇ ಕ್ಲಾಸಿನಲ್ಲಿ ನೀವು ನನ್ನ ಹಾಳೆ ಹರಿದಿರಿ. ಅದು ಇದರಲ್ಲಿ ಯಾಕೆ ಇಲ್ಲ?’

ಸುಳ್ಳು ಎಂದು ಮೊದಲು ಅನ್ನಿಸಿತು. ಆಮೇಲೆ ಮೆಲ್ಲಗೆ ನೆನಪಾಯಿತು. ಅಧಿಕಾರಿಗಳು ಬರುವ ದಿನ. ಬೋರ್ಡಿನ ಮೇಲಿದ್ದ ‘ನನ್ನ ಶಾಲೆ’ಯನ್ನು ಬರೆದು ಮುಗಿಸಿ, ಕೆಳಗೆ ಇವಳು ತಾನಾಗಿ ಸೇರಿಸಿದ್ದಳು: ‘ನಮ್ಮ ಮಾಸ್ತರರು ಊಟವಾದ ಮೇಲೆ ಕುರ್ಚಿಯಲ್ಲಿ ನಿದ್ದೆ ಮಾಡುತ್ತಾರೆ.’ ಎಲ್ಲರೆದುರು ಹರಿದು ಬುಟ್ಟಿಗೆ ಹಾಕಿದ್ದೆ. ನನಗೆ ಮರೆತೇಹೋಗಿತ್ತು. ಅವಳಿಗೆ ಮರೆತಿರಲಿಲ್ಲ.

ನನಗೆ ನಾಚಿಕೆಯಾಯಿತು. ಅವಳನ್ನು ಕರೆದು, ಅದರಲ್ಲಿ ಇನ್ನೇನಿತ್ತು ತಂಗೀ ಎಂದು ಕೇಳಿದೆ.

“ಇನ್ನೊಂದು ಸಾಲು ಇತ್ತು ಸರ್. ನೀವು ಓದಲಿಲ್ಲ.”

“ಎಂತ ಇತ್ತು?”

“‘ಆಗ ನಾವು ಮೆಲ್ಲಗೆ ಮಾತನಾಡುತ್ತೇವೆ’ ಅಂತ.”

ತಪ್ಪಾಯಿತು ಎಂದೆ, ಅವಳಿಗೆ ಕೇಳುವ ಹಾಗೆ. ಆ ಎರಡೂ ಸಾಲುಗಳನ್ನು ಇಲ್ಲಿ ಸೇರಿಸಿ, ಕಾಗದವನ್ನು ಮತ್ತೆ ಅವಳ ಕೈಗೇ ಕೊಟ್ಟೆ. ಅವಳು ಕಟ್ಟೆಯ ಮೇಲೆ ಕುಳಿತು ಮೊದಲಿನಿಂದ ಓದಿದಳು. ನಾನು ಎದುರು ನಿಂತಿದ್ದೆ.

“ಆತು ಸರ್,” ಎಂದಳು. ಪೆನ್ಸಿಲನ್ನು ಮಾತ್ರ ಇನ್ನೂ ಕೆಳಗಿಟ್ಟಿರಲಿಲ್ಲ.