ಕೀ ಶೇಷಪ್ಪನವರು

ಶೇಷಪ್ಪನವರು ಎಂದರೆ ನನಗೆ ಮೊದಲು ಕಣ್ಣಿಗೆ ಕಟ್ಟುವುದು ನಮ್ಮ ಅಂಗಳದ ಸಿಲ್ವರ್ ಓಕ್ ಮರ. ಅದಕ್ಕೆ ಒರಗಿಸಿದ ಮೆಣಸು ಕೊಯ್ಯುವ ಏಣಿ. ಏಣಿಯ ತುದಿಯಲ್ಲಿ ಒಂದು ಕೈಯಲ್ಲಿ ಮರ ತಬ್ಬಿ, ಇನ್ನೊಂದು ಕೈಯಲ್ಲಿ ಮೊಬೈಲನ್ನು ಆಕಾಶಕ್ಕೆ ಹಿಡಿದು, ನೆಟ್‌ವರ್ಕಿನವರ ಮೂರು ತಲೆಮಾರಿನ ಕ್ಷೇಮ ವಿಚಾರಿಸುತ್ತಿದ್ದ ಐವತ್ತೈದರ ಆಸಾಮಿ. ಕೆಳಗೆ ಬಾಗಿಲು ತೆರೆದ ಭಾರೀ ಕಾರು, ಅದರ ಹೊಟ್ಟೆಯಿಂದ ಹೊರಬಂದ ವೈರು, ವೈರಿನ ತುದಿಗೆ ಲ್ಯಾಪ್‌ಟಾಪು. ಪಕ್ಕದಲ್ಲಿ ಬೆಂಗಳೂರಿನಿಂದ ಬಂದ ನಾಲ್ವರು ಅತಿಥಿಗಳು, ತೀರಿಹೋದವರ ಮನೆಗೆ ಬಂದವರಂತೆ ಕೈಕಟ್ಟಿ ನಿಂತಿದ್ದರು. ಹಳ್ಳದ ಬಂಡೆಯ ಮೇಲೆ ರೀಲ್ಸ್ ಮಾಡುವಾಗ ಕಾರಿನ ಕೀ ನೀರುಪಾಲಾಗಿತ್ತು.

ನಾನು ಬಾಳೂರಿನ ಹತ್ತಿರ ನಾಲ್ಕು ಕೋಣೆಯ ಹೋಂಸ್ಟೇ ನಡೆಸುವವಳು. ಪ್ರಕೃತಿಯಲ್ಲಿ ತಮ್ಮನ್ನು ತಾವು ಹುಡುಕಿಕೊಳ್ಳಲು ನಮ್ಮಲ್ಲಿಗೆ ಬರುವ ಜನ ಸಾಮಾನ್ಯವಾಗಿ ಮೊದಲು ಕಳೆದುಕೊಳ್ಳುವುದು ಕಾರಿನ ಕೀಯನ್ನು. ಈಗಿನ ಕೀ ಎಂದರೆ ಬರಿಯ ಕೀಲಿಕೈಯಲ್ಲ. ಗುಂಡಿಗಳಿರುವ ಪುಟ್ಟ ಡಬ್ಬಿ, ಅದರೊಳಗೊಂದು ಎಲೆಕ್ಟ್ರಾನಿಕ್ ಚಿಪ್ಪು. ಆ ಚಿಪ್ಪಿನ ಗುರುತು ಸಿಗದಿದ್ದರೆ ಕಾರು ಸ್ವಂತ ಮಾಲೀಕನನ್ನೂ ಕಳ್ಳನೆಂದೇ ತಿಳಿದು ಮುನಿಸಿಕೊಂಡು ಕೂರುತ್ತದೆ. ಕಂಪನಿಯವರಿಗೆ ಫೋನು ಮಾಡಿದರೆ, ಗಾಡಿಯನ್ನು ಲಾರಿಗೆ ಹೇರಿ ಮಂಗಳೂರಿಗೆ ತನ್ನಿ, ಹದಿನೈದು ದಿನ ಕಾಯಿರಿ ಎಂದು ಬಹಳ ಇಂಪಾದ ದನಿಯಲ್ಲಿ ಹೇಳುತ್ತಾರೆ. ಶೇಷಪ್ಪನವರಿಗೆ ಮಾಡಿದರೆ ಇಂಪು ಇರುತ್ತಿರಲಿಲ್ಲ. ಆದರೆ ಎರಡು ಗಂಟೆಯೊಳಗೆ ಅವರ ಹಳೆಯ ಬಿಳಿ ವ್ಯಾನು ನಮ್ಮ ಏರು ಹತ್ತಿ ಕೆಮ್ಮುತ್ತಾ ಬಂದು ನಿಲ್ಲುತ್ತಿತ್ತು. ಕೀ ಕತ್ತರಿಸುವ ಯಂತ್ರ, ಹೊಸ ಚಿಪ್ಪುಗಳು, ಕಾರಿಗೆ ಹೊಸ ಕೀಯ ಪರಿಚಯ ಮಾಡಿಸುವ ಮಿಶನ್ನು, ಎಲ್ಲ ಅದರೊಳಗೇ. ಕೆಲವು ಕಾರುಗಳ ಪಾಸ್‌ವರ್ಡನ್ನು ಮಾತ್ರ ಇಂಟರ್ನೆಟ್ಟಿನಿಂದ ತರಿಸಬೇಕು. ನಮ್ಮ ಬೆಟ್ಟಗಳಲ್ಲಿ ಅದು ಮರದ ಮೇಲೆ ವಾಸಿಸುತ್ತದೆ. ಅದಕ್ಕೇ ಏಣಿ.

ಅವರ ಊರು ಮೂಡಿಗೆರೆ. ತಂದೆ ಎಸ್ಟೇಟುಗಳಲ್ಲಿ ನೆರಳು ಮರದ ಕೊಂಬೆ ಕಡಿಯುತ್ತಿದ್ದವರು. ಮಗ ಎಸ್ಸೆಸ್ಸೆಲ್ಸಿಗೆ ನಮಸ್ಕಾರ ಹಾಕಿ ರೇಡಿಯೋ ರಿಪೇರಿಗೆ ಕೂತರು. ರೇಡಿಯೋ ಸತ್ತಿತು, ಟೀವಿಗೆ ಬಂದರು. ಟೀವಿ ರಿಪೇರಿ ಸತ್ತಿತು, ಮೊಬೈಲಿಗೆ ಬಂದರು. ಕೊನೆಗೆ ಕೀ. "ಪ್ರಪಂಚ ಕೆಟ್ಟುಹೋಗೋದನ್ನ ಮಾತ್ರ ನಿಲ್ಲಿಸ್ಲಿಲ್ಲ ಅಮ್ಮಾ. ಅದೊಂದು ದೊಡ್ಡ ಉಪಕಾರ" ಎನ್ನುತ್ತಿದ್ದರು.

ಕೆಲಸಕ್ಕೆ ಕೈ ಹಾಕುವ ಮೊದಲು ಅವರದು ಎರಡು ಕಟ್ಟಳೆ. ಒಂದು, ಗಾಡಿಯ ಆರ್‌ಸಿ ಕಾರ್ಡು ನೋಡಿ ಅದರ ನಕಲು ಇಟ್ಟುಕೊಳ್ಳಬೇಕು. ಕಾರ್ಡಿನ ಹೆಸರೂ ಎದುರಿಗಿರುವ ಮುಖವೂ ಒಂದೇ ಆಗಿರಬೇಕು. ಎಷ್ಟು ದೊಡ್ಡವರಾದರೂ ಬಿಡುತ್ತಿರಲಿಲ್ಲ. "ನಿಮ್ಮ ಮೇಲೆ ಪೂರ್ತಿ ನಂಬಿಕೆ ಉಂಟು ಸಾರ್. ಕಾಗದ ತೋರ್ಸಿ" ಎಂದು ಕೈ ಚಾಚುತ್ತಿದ್ದರು. ಎರಡನೆಯದು ಒಂದು ಪ್ರಶ್ನೆ: "ಎಲ್ಲಿ ಕಳೆದ್ರಿ?" ಮಿಶನ್ನಿಗೆ ಇದರ ಉತ್ತರ ಬೇಕಿರಲಿಲ್ಲ, ಬೇಕಿದ್ದುದು ಶೇಷಪ್ಪನವರಿಗೆ. ಹೊಸ ಕೀ ಒಪ್ಪಿಕೊಳ್ಳುವ ಮುಂಚೆ ಕೆಲವು ಕಾರುಗಳು ಹತ್ತು ನಿಮಿಷ ಸುಮ್ಮನೆ ಕಾಯಿಸುತ್ತವೆ. ಆ ಹತ್ತು ನಿಮಿಷ ಅವರ ನ್ಯಾಯಾಲಯ ನಡೆಯುತ್ತಿತ್ತು.

ನಮ್ಮ ಅತಿಥಿಯೊಬ್ಬ ಕೋತಿ ಕಿತ್ತುಕೊಂಡು ಹೋಯಿತು ಎಂದ. "ಹೌದಾ? ಅದಕ್ಕೆ ಲೈಸೆನ್ಸ್ ಉಂಟಾ?" ಎಂದು ಕೇಳಿದರು. ಕಳಸದ ವ್ಯಾಪಾರಿಯೊಬ್ಬರು ಮೂರನೇ ಸಲ ಕೀಯನ್ನು ಪ್ಯಾಂಟಿನ ಜೊತೆ ವಾಷಿಂಗ್ ಮಿಶನ್ನಿಗೆ ಹಾಕಿದ್ದರು. "ಪ್ಯಾಂಟಾದ್ರೂ ಬೆಳ್ಳಗಾಯ್ತಾ ಮಾರಾಯ್ರೆ?" ನನ್ನ ಸರದಿಯೂ ಬಂತು. ಕಾಫಿ ಮೂಟೆ ಕಟ್ಟಿಸುವಾಗ ನನ್ನ ಕೀ ಜಾರಿ, ಒಣಗಿಸಿದ ಪಾರ್ಚ್‌ಮೆಂಟ್ ಬೀಜದ ಜೊತೆ ಮೂಟೆಯೊಳಗೆ ಸೇರಿ, ಚಿಕ್ಕಮಗಳೂರಿನ ಕ್ಯೂರಿಂಗ್ ಕಾರ್ಖಾನೆಗೆ ಹೊರಟುಹೋಗಿತ್ತು. ಶೇಷಪ್ಪನವರು ಗಂಭೀರವಾಗಿ ತಲೆಯಾಡಿಸಿದರು. "ಚಿಂತೆ ಮಾಡ್ಬೇಡಿ ಅಮ್ಮಾ. ಜರ್ಮನಿಯಲ್ಲಿ ಯಾರೋ ಪುಣ್ಯಾತ್ಮ ಬೆಳಿಗ್ಗೆ ಎದ್ದು ನಿಮ್ಮ ಕೀ ಕುಡೀತಾನೆ. ಗಟ್ಟಿ ಕಾಫಿ ಅಂತ ಹೊಗಳ್ತಾನೆ." ನಮ್ಮನೆಯವರು ಒಂದು ವಾರ ಅದನ್ನೇ ಹೇಳಿಕೊಂಡು ನಕ್ಕರು. ಅದೇ ಕಾರಿನ ಇನ್ನೊಂದು ಕೀಯನ್ನು ಅದಕ್ಕೂ ಮುಂಚೆ ಕಳೆದವರು ತಾವೇ ಎಂಬುದು ಅವರಿಗೆ ಮರೆತುಹೋಗಿತ್ತು.

ಆ ಪ್ರಶ್ನೆಗೆ ಬಂದ ಉತ್ತರ ಕೇಳಿ ಶೇಷಪ್ಪನವರು ಮಾತು ಕಳೆದುಕೊಂಡದ್ದನ್ನು ನಾನು ನೋಡಿದ್ದು ಒಂದೇ ಸಲ.

ನಮ್ಮ ತೋಟದಿಂದ ಮೂರು ಮೈಲಿ ಆಚೆ ಶಾರದಾ ಎಂಬ ಹೆಣ್ಣುಮಗಳು ಇದ್ದಳು. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಗಂಡನ ಅಣ್ಣ ವಸಂತಣ್ಣನವರ ದೊಡ್ಡ ಮನೆಯ ಆವರಣದಲ್ಲೇ ಅವಳ ಪುಟ್ಟ ಮನೆ. ವಸಂತಣ್ಣನವರು ಬಹಳ ಉದಾರಿ. ತಮ್ಮನ ಹೆಂಡತಿಗೆ ಯಾವ ಕಷ್ಟವೂ ಬರಬಾರದೆಂದು ಅವಳ ಬಗೆಗಿನ ಎಲ್ಲ ತೀರ್ಮಾನಗಳನ್ನೂ ತಾವೇ ಮಾಡುತ್ತಿದ್ದರು. ಶಾರದಾಳಿಗೆ ಕಳಸದ ಶಾಲೆಯೊಂದರಲ್ಲಿ ಟೀಚರ್ ಕೆಲಸ ಸಿಕ್ಕಿತು. ಬಸ್ಸು ನಂಬಿದರೆ ಮೊದಲನೇ ಪೀರಿಯಡ್ಡು ಮುಗಿದ ಮೇಲೆ ಶಾಲೆ ಸೇರಬೇಕು. ಆದರೆ ಗಂಡನ ಕಾರಿತ್ತು, ಅವಳಿಗೆ ಓಡಿಸಲು ಬರುತ್ತಿತ್ತು, ಆರ್‌ಸಿಯೂ ಅವಳ ಹೆಸರಿಗೆ ಬದಲಾಗಿತ್ತು. ವಸಂತಣ್ಣನವರು ಬೇಡ ಎನ್ನಲಿಲ್ಲ. ಅಷ್ಟು ಒರಟರಲ್ಲ. ಗಾಡಿ ತೊಳೆಸುತ್ತೇನೆಂದು ಎರಡೂ ಕೀ ಇಸಿದುಕೊಂಡು ಹೋದರು. ಸಂಜೆ ಬಂದು, "ಎಂತ ಮಾಡೋದು ಶಾರದಾ, ಎಲ್ಲೋ ಕಳೆದುಹೋಯ್ತು" ಎಂದು ತುಂಬ ವ್ಯಥೆಪಟ್ಟರು. ಎರಡೂ ಒಟ್ಟಿಗೆ.

ಮೂರು ವಾರ ಕಾರು ಹಲಸಿನ ಮರದ ಕೆಳಗೆ ಎಲೆ ಹೊದ್ದುಕೊಂಡು ನಿಂತಿತ್ತು. ಸೋಮವಾರ ಕೆಲಸಕ್ಕೆ ಸೇರದಿದ್ದರೆ ಬೇರೆಯವರಿಗೆ ಕೊಡುತ್ತೇವೆ ಎಂದು ಶಾಲೆಯವರು ಹೇಳಿದ ಮೇಲೆ ಶಾರದಾ ನನಗೆ ಫೋನು ಮಾಡಿದಳು. "ಸುಮಕ್ಕಾ, ನಿಮ್ಮ ಆ ಕೀ ಮಾಡೋರು ಬರ್ತಾರಾ?" ಶನಿವಾರ ಬೆಳಿಗ್ಗೆ ನಾನೇ ಶೇಷಪ್ಪನವರ ವ್ಯಾನಿನಲ್ಲಿ ಕೂತು ಅವಳ ಮನೆಗೆ ಹೋದೆ.

ಶೇಷಪ್ಪನವರು ಎಂದಿನಂತೆ ಶುರು ಮಾಡಿದರು. "ಎಲ್ಲಿ ಕಳೆದ್ರಿ ಅಮ್ಮಾ?"

ಶಾರದಾ ನನ್ನ ಮುಖ ನೋಡಿದಳು. ಆಮೇಲೆ ನೆಲ ನೋಡುತ್ತಾ ಹೇಳಿದಳು: "ಕಳೆದಿಲ್ಲ. ಭಾವನವರ ಹತ್ರ ಉಂಟು. ಕಳೆದಿದೆ ಅಂತಾರೆ."

ಶೇಷಪ್ಪನವರ ಬಾಯಲ್ಲಿ ಸಿದ್ಧವಾಗಿದ್ದ ಕುಚೋದ್ಯ ಅಲ್ಲೇ ನಿಂತಿತು. ಆರ್‌ಸಿ ಇಸಿದುಕೊಂಡು ಎರಡು ಸಲ ಓದಿದರು. "ಗಾಡಿಗೆ ಯಜಮಾನ್ರು ನೀವೇ" ಎಂದರು. ಬಾಗಿಲ ಬೀಗದೊಳಗೆ ಸಣ್ಣ ಕಡ್ಡಿ ತೂರಿಸಿ ಹಲ್ಲುಗಳ ಅಳತೆ ಹಿಡಿದರು, ವ್ಯಾನಿನ ಯಂತ್ರದಲ್ಲಿ ಕೀ ಕತ್ತರಿಸಿದರು, ಬಾಗಿಲು ತೆರೆದು ಮಿಶನ್ನಿನ ವೈರು ಜೋಡಿಸಿದರು. ಸ್ವಲ್ಪ ಹೊತ್ತಿಗೆ ಲ್ಯಾಪ್‌ಟಾಪನ್ನು ಶಾರದಾಳ ಕಡೆ ತಿರುಗಿಸಿದರು.

"ಹಳೆ ಕೀ ಎಲ್ಲ ಅಳಿಸ್ಲಾ ಅಂತ ಕೇಳ್ತಾ ಉಂಟು. ಇದನ್ನ ನಾನು ಒತ್ತೋದಲ್ಲ, ನೀವು ಒತ್ಬೇಕು. ಒತ್ತಿದ್ರೆ ಆ ಹಳೇವು ಬರೀ ಪ್ಲಾಸ್ಟಿಕ್ ಆಗ್ತವೆ." ದನಿ ತಗ್ಗಿಸಿದರು. "ನಾನು ವ್ಯಾನ್ ಹತ್ತಿ ಹೋಗಿಬಿಡ್ತೀನಿ. ಒತ್ತಿದ್ಮೇಲೂ ಇದೇ ಅಂಗಳದಲ್ಲಿ ಇರ್ಬೇಕಾದವ್ರು ನೀವು. ಯೋಚ್ನೆ ಮಾಡಿ. ನನಗೆ ಅರ್ಜೆಂಟಿಲ್ಲ."

ಶಾರದಾ ಅಂಗೈಯನ್ನು ಸೀರೆಗೆ ಒರೆಸಿಕೊಂಡಳು. ಒತ್ತಿದಳು. ಪರದೆಯ ಮೇಲೆ ಹತ್ತು ನಿಮಿಷದ ಲೆಕ್ಕ ಇಳಿಯತೊಡಗಿತು.

ಆರು ನಿಮಿಷ ಉಳಿದಿರುವಾಗ ಜೀಪು ಬಂತು. ವಸಂತಣ್ಣನವರು, ಹಿಂದೆ ಅವರ ಎಸ್ಟೇಟಿನ ಗುಮಾಸ್ತ, ಅಂದರೆ ರೈಟರು, ಅವನ ಹಿಂದೆ ನಾಲ್ಕೈದು ಆಳುಗಳು.

"ಇಲ್ಲಿ ಎಂತ ನಡೀತಿದೆ? ಯಾರನ್ನ ಕೇಳಿ ಇವ್ನನ್ನ ಕರೆಸಿದ್ದು?"

ನಾನು ವ್ಯಾನಿನ ಹಿಂದಕ್ಕೆ ಸರಿದೆ. ಶಾರದಾ ಕಾರಿನ ಬಾಗಿಲು ಹಿಡಿದು ನಿಂತಳು. ಶೇಷಪ್ಪನವರು ಮಾತ್ರ ಎದ್ದು ಬಂದು ಕೈ ಮುಗಿದರು.

"ನಮಸ್ಕಾರ ಅಣ್ಣಾ. ಪಾಪ, ಕೀ ಕಳೆದುಹೋಯ್ತಂತೆ. ಎಲ್ಲಿ ಕಳೆದ್ರಿ?"

"ತೋಟದಲ್ಲಿ ಎಲ್ಲೋ."

"ತೋಟ ಎಷ್ಟು ಎಕ್ರೆ ಆಗ್ಬೋದು?"

"ನೂರಹತ್ತು. ಅದು ನಿನಗ್ಯಾಕೆ?"

"ಛೆ ಛೆ. ನೂರಹತ್ತು ಎಕ್ರೆ! ಕಾಫಿ ಬುಡ ಬುಡ ನೋಡಿದ್ರಾ? ಕಾಲುವೆ? ಪಲ್ಪರಿನ ಸಿಪ್ಪೆ ಗುಂಡಿ? ಎರಡೂ ಒಂದೇ ಕಡೆ ಬಿದ್ವಾ, ಬೇರೆ ಬೇರೆನಾ?"

ಹೀಗೆ, ವಿನಯದಿಂದ, ಒಂದೊಂದೇ ವಿವರ ಕೇಳುತ್ತಾ ಆರು ನಿಮಿಷ ತಳ್ಳಿಬಿಟ್ಟರು. ವಸಂತಣ್ಣನವರಿಗೂ ಸುಳ್ಳಿಗೆ ಸುಳ್ಳು ಜೋಡಿಸುವುದು ಬಿಟ್ಟು ಬೇರೆ ದಾರಿಯಿರಲಿಲ್ಲ. ಅಷ್ಟರಲ್ಲಿ ಮಿಶನ್ನು ಕೀಂಯ್ ಎಂದಿತು. ಶೇಷಪ್ಪನವರು ಹೊಸ ಕೀಯನ್ನು ಶಾರದಾಳ ಕೈಗಿಟ್ಟರು. ಅವಳು ಗುಂಡಿ ಒತ್ತಿದಳು. ಕಾರಿನ ನಾಲ್ಕೂ ಮೂಲೆಯ ದೀಪಗಳು ಮಿನುಗಿದವು.

ವಸಂತಣ್ಣನವರಿಗೆ ರೇಗಿಹೋಯಿತು. "ನಾನು ಹೇಳದೆ ಈ ಗಾಡಿ ಅಂಗಳ ದಾಟೋದಿಲ್ಲ!" ಎಂದವರೇ ಜೇಬಿಗೆ ಕೈ ಹಾಕಿ, ಕಳೆದುಹೋದ ಕೀಯನ್ನು ತೆಗೆದು ಕಾರಿನತ್ತ ಹಿಡಿದು ಒತ್ತಿದರು. ಕಾರು ಸುಮ್ಮನಿತ್ತು. ಕೈ ಇನ್ನಷ್ಟು ಚಾಚಿ ಒತ್ತಿದರು. ಎರಡು ಹೆಜ್ಜೆ ಮುಂದೆ ಹೋಗಿ ಒತ್ತಿದರು. ಆಮೇಲೆ ತಾವು ಮಾಡುತ್ತಿರುವುದೇನೆಂದು ಅವರಿಗೇ ಹೊಳೆದಿರಬೇಕು. ಕೈ ಅಲ್ಲೇ ನಿಂತಿತು.

"ಅಯ್ಯೋ, ಸಿಕ್ಕಿಬಿಡ್ತಾ!" ಶೇಷಪ್ಪನವರ ಮುಖದಲ್ಲಿ ಅಪ್ಪಟ ಸಂತೋಷ. "ಜೇಬಲ್ಲೇ ಇತ್ತಾ ಅಣ್ಣಾ? ನೂರಹತ್ತು ಎಕ್ರೆ ಸುಮ್ನೆ ಸುತ್ತಿದ್ರಲ್ಲ, ಪಾಪ!"

ಆಳುಗಳಲ್ಲಿ ಒಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ರೈಟರಿಗೆ ಆಗಲೇ ಪಕ್ಕದ ಕಾಫಿ ಗಿಡದ ಎಲೆಯಲ್ಲಿ ಯಾವುದೋ ರೋಗ ಕಂಡಿತು. ತುಂಬ ಹೊತ್ತು ಪರೀಕ್ಷಿಸಿದ. ಶಾರದಾ ಕಾರಿನಲ್ಲಿ ಕೂತು ಸ್ಟಾರ್ಟ್ ಮಾಡಿದಳು. ಎರಡು ಸಲ ಕಾರು ಆಫ್ ಆಯಿತು. ಮೂರನೇ ಸಲ ಹಲಸಿನೆಲೆಗಳನ್ನು ಉದುರಿಸುತ್ತಾ ಗೇಟು ದಾಟಿತು. ಸೋಮವಾರ ಅವಳು ಮೊದಲನೇ ಪೀರಿಯಡ್ಡಿಗೆ ಇದ್ದಳು.

ಇದು ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಶೇಷಪ್ಪ ಕಳ್ಳ ಕೀ ಮಾಡುತ್ತಾನೆ ಎಂಬ ಮಾತು ಒಂದು ವಾರದಲ್ಲಿ ಬೆಟ್ಟ ಹತ್ತಿ ಇಳಿಯಿತು. ಯಾರೋ ದೂರು ಕೊಟ್ಟರು. ಯಾರೆಂದು ಯಾರಿಗೂ ಗೊತ್ತಿಲ್ಲ, ಎಲ್ಲರಿಗೂ ಗೊತ್ತು. ಠಾಣೆಯ ಬೆಂಚಿನ ಮೇಲೆ ಶೇಷಪ್ಪನವರು ಒಂದು ಹಗಲಿಡೀ ಕೂತು, ಎಷ್ಟೋ ವರ್ಷದ ಆರ್‌ಸಿ ನಕಲುಗಳನ್ನೆಲ್ಲ ತೋರಿಸಿ ಬಂದರು. ತಪ್ಪೇನೂ ಸಿಗಲಿಲ್ಲ. ಹೊರಡುವಾಗ ಅಲ್ಲಿಯ ಒಬ್ಬರು, ನಮ್ಮ ಕಾರಿಗೂ ಇನ್ನೊಂದು ಕೀ ಆಗಬಹುದಾ ಎಂದು ಮೆಲ್ಲಗೆ ಕೇಳಿದರಂತೆ. ಆದರೆ ದೊಡ್ಡ ತೋಟದವರು ಒಂದು ಇಡೀ ಕೊಯ್ಲು ಕಾಲ ಅವರನ್ನು ಕರೆಯಲಿಲ್ಲ. ಸಂಪಾದನೆಯೆಲ್ಲ ನಮ್ಮಂಥ ಹೋಂಸ್ಟೇಗಳ ಕೋತಿಗಳ ಮೇಲೆ ನಿಂತಿತು.

ನನಗೆ ಮನಸ್ಸು ತಡೆಯಲಿಲ್ಲ. ಒಮ್ಮೆ ಕಾಫಿ ಕೊಟ್ಟು, "ನನ್ನಿಂದ ನಿಮಗೆ ತೊಂದ್ರೆ ಆಯ್ತು ಶೇಷಪ್ಪಣ್ಣ" ಎಂದೆ. ಏನೋ ಕುಚೋದ್ಯ ಮಾಡಿ ತೇಲಿಸುತ್ತಾರೆ ಎಂದುಕೊಂಡಿದ್ದೆ.

"ಆಯ್ತು ಅಮ್ಮಾ. ಸುಳ್ಳು ಯಾಕೆ ಹೇಳ್ಲಿ? ಮನೇಲಿ ಹೆಂಡ್ತಿ ಬೈತಾಳೆ. ರಾತ್ರಿ ನಿದ್ದೆ ಇಲ್ಲ" ಎಂದರು. ಲೋಟ ಕೆಳಗಿಟ್ಟರು. "ಹಾಗಂತ ಆ ಹುಡುಗಿಗೆ ಆಗೋದಿಲ್ಲ ಅಂದು ವಾಪಸ್ ಬಂದಿದ್ರೆ? ಆಗ್ಲೂ ನಿದ್ದೆ ಬರ್ತಿರ್ಲಿಲ್ಲ. ಯಾವ್ದಾದ್ರೂ ಒಂದು ಆರಿಸ್ಕೋಬೇಕಲ್ಲ."

ಮಳೆಗಾಲ ಕಳೆಯುವ ಹೊತ್ತಿಗೆ ದೊಡ್ಡವರ ಕೀಗಳು ಒಂದೊಂದಾಗಿ ಪಲ್ಪರ್ ಗುಂಡಿಗೂ ಹೊಳೆಗೂ ಬೀಳತೊಡಗಿದವು. ಸ್ವಾಭಿಮಾನ ಮಂಗಳೂರಿನವರೆಗೆ ಲಾರಿ ಬಾಡಿಗೆ ಕೊಡುವಷ್ಟು ಗಟ್ಟಿಯಿರಲಿಲ್ಲ. ಅವರೆಲ್ಲ ಮರಳಿ ಕರೆದರು. ಒಬ್ಬರಂತೂ ವಸಂತಣ್ಣನವರಿಗೆ ಕಾಣಬಾರದೆಂದು ವ್ಯಾನನ್ನು ಗೋಡೌನಿನ ಹಿಂದೆ ನಿಲ್ಲಿಸಲು ಹೇಳಿದರಂತೆ. "ವ್ಯಾನಿಗೆ ಸೀರೆ ಉಡಿಸ್ಕೊಂಡು ಬರ್ಲಾ ಸಾರ್?" ಎಂದು ಕೇಳಿದೆ ಎಂದು ಶೇಷಪ್ಪನವರು ನಮ್ಮ ಜಗಲಿಯಲ್ಲಿ ಕೂತು ಹೇಳಿದರು.

ಅವರನ್ನು ನಿಲ್ಲಿಸಿದ್ದು ದೊಡ್ಡವರಲ್ಲ, ಸಕ್ಕರೆ ಕಾಯಿಲೆ. ಅದು ಸದ್ದಿಲ್ಲದೆ ಕಣ್ಣಿಗೆ ಇಳಿದಿತ್ತು. ಎರಡು ಸಲ ಚಿಪ್ಪನ್ನು ತಲೆಕೆಳಗಾಗಿ ಕೂರಿಸಿದ ಮೇಲೆ ಮಿಶನ್ನನ್ನು ಹಾಸನದ ಒಬ್ಬರಿಗೆ ಮಾರಿ ಮನೆಯಲ್ಲಿ ಕೂತರು. ಸುದ್ದಿ ತಿಳಿದು ನಾನೂ ಶಾರದಾಳೂ ಅವಳ ಕಾರಿನಲ್ಲೇ ಮೂಡಿಗೆರೆಗೆ ಹೋದೆವು. ಅವಳು ಆಗಲೇ ಕಳಸದಲ್ಲಿ ಬಾಡಿಗೆ ಮನೆ ಹಿಡಿದಿದ್ದಳು. ಶೇಷಪ್ಪನವರು ಬೇಡ ಬೇಡ ಎಂದರೂ ಕೂರಿಸಿಕೊಂಡು ಚಿಕ್ಕಮಗಳೂರಿನ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದೆವು. ತಡವಾಗಿದೆ, ಉಳಿದ ದೃಷ್ಟಿ ಹೋಗದಂತೆ ಕಾಯಬಹುದು ಅಷ್ಟೆ ಎಂದರು ಡಾಕ್ಟರು.

ವಾಪಸು ಬರುವಾಗ ಶೇಷಪ್ಪನವರು ಮುಂದಿನ ಸೀಟಿನಲ್ಲಿ ಕೂತಿದ್ದರು. ಅವರೇ ಮಾತು ತೆಗೆದರು: "ಒಂದು ಒಳ್ಳೇದಾಯ್ತು. ಇನ್ಮೇಲೆ ನಿಮ್ಮೂರ ಗಣ್ಯರ ಮುಖ ನೋಡೋ ಕಷ್ಟ ಇಲ್ಲ." ನಾವು ನಗಲಿಲ್ಲ. "ನಗಿ ಮಾರಾಯ್ರೆ. ನಾನು ಹೇಳಿ ನಾನೇ ನಗ್ಬೇಕಾ?" ಎಂದು ಗದರಿದರು. ಶಾರದಾ ನಕ್ಕಳು. ನಗುತ್ತಲೇ ಒಂದು ಕೈಯಿಂದ ಕಣ್ಣೊರೆಸಿಕೊಂಡಳು. ಅವರಿಗೆ ಅದು ಕಾಣಲಿಲ್ಲ.

ಆಮೇಲೆ ನಾನು ಅವರನ್ನು ನೋಡಲಿಲ್ಲ. ಮೂರು ತಿಂಗಳಿಗೆ ಹೃದಯ ನಿಂತು ಹೋದರು. ಈಗ ಹಾಸನದವರು ಬರುತ್ತಾರೆ. ಒಳ್ಳೆಯವರು, ಕೆಲಸ ಚುರುಕು. ಬಂದ ಕೆಲಸ ಮುಗಿಸಿ, ಯಾರಿಗೂ ಏನೂ ಅನ್ನದೆ ಹೋಗುತ್ತಾರೆ. ಅತಿಥಿಗಳಿಗೆ ತುಂಬ ಸಮಾಧಾನ. ನನಗೇ ಏನೋ ಸಪ್ಪೆ.

ಡಾಕ್ಟರ ಹತ್ತಿರ ಹೋಗಿಬಂದ ಆ ದಿನ ಅವರನ್ನು ಮನೆಯ ಬಾಗಿಲಿಗೆ ಬಿಟ್ಟು ನಾವು ಕಾರು ತಿರುಗಿಸಿಕೊಂಡೆವು. ಶೇಷಪ್ಪನವರು ಗೇಟು ಹಿಡಿದು ನಿಂತು ಕೈ ಬೀಸುತ್ತಿದ್ದರು. ನಮ್ಮ ಕಡೆಗಲ್ಲ, ನಾವು ಮೊದಲು ನಿಂತಿದ್ದ ಜಾಗಕ್ಕೆ, ಎದುರು ಮನೆಯ ಕಾಂಪೌಂಡು ಗೋಡೆಗೆ. ಶಾರದಾ ಹಾರ್ನಿನ ಮೇಲೆ ಇಟ್ಟ ಕೈಯನ್ನು ತೆಗೆದಳು. ನಾವು ಈ ಕಡೆ ಇದ್ದೇವೆಂದು ಅವರಿಗೆ ಗೊತ್ತಾಗದಂತೆ ಇಂಜಿನ್ ಆರಿಸಿದಳು. ಅವರು ಬೀಸುವುದನ್ನು ಮುಗಿಸಿ, ತಿರುಗಿ, ಗೋಡೆ ಸವರಿಕೊಂಡು ಒಳಗೆ ಹೋಗುವವರೆಗೂ ನಾವು ಅಲ್ಲೇ ಕೂತಿದ್ದೆವು.