ಪಾಚಿ ಹೇಳಿದ ಚಾಡಿ

ಇಪ್ಪತ್ತೆರಡು ವರ್ಷ ಜಲಾಶಯದಲ್ಲಿ ದೋಣಿ ನಡೆಸಿದವನು ನಾನು. ಆ ನೀರಿನ ವಿಷಯದಲ್ಲಿ ನನ್ನ ಕಣ್ಣಿಗೆ ಮಣ್ಣೆರಚುವವರು ಇನ್ನೂ ಹುಟ್ಟಿಲ್ಲ. ನಾನು ಎರಚಿದ್ದನ್ನು ಕಂಡುಹಿಡಿಯುವವರಂತೂ ಹುಟ್ಟುವ ಸಂಭವವೇ ಇಲ್ಲ. ಇಲ್ಲಿಗೇ ನಿಲ್ಲಿಸಿದರೆ ನನಗೆ ಕ್ಷೇಮ. ಆದರೆ ಬರೆಯಹೊರಟಿದ್ದು ನಾದಿನಿಯ ವಿಷಯ.

ನಾದಿನಿ, ಅಂದರೆ ನನ್ನ ಹೆಂಡತಿಯ ತಂಗಿ. ನಗರದ ನೀರು ಸರಬರಾಜು ಕಚೇರಿಯಲ್ಲಿ, ಪಂಪ್ ಹೌಸಿನ ಪಕ್ಕದ ಕೋಣೆಯೇ ಅವಳ ರಾಜ್ಯ. ಒಂದು ಮೇಜು, ಒಂದು ಮೈಕ್ರೋಸ್ಕೋಪು, ಕೂತರೆ ಕಾಲು ನೆಲಕ್ಕೆ ಎಟುಕದ ಸ್ಟೂಲು, ಅಯೋಡಿನ್ ಕಲೆ ಬಿದ್ದು ಚಿರತೆಯ ಮೈಯಂತಾದ ಬೇಸಿನ್. ನಾನು ಪ್ರತಿ ಸೋಮವಾರ ದೋಣಿಯಲ್ಲಿ ಹೋಗಿ, ಪಂಪು ನೀರೆಳೆಯುವ ಮೇಲಿನ ತೂಬಿನ ಬಳಿ ಬಾಟಲಿ ತುಂಬಿ ತರಬೇಕು. ಅವಳು ಅದಕ್ಕೆ ಅಯೋಡಿನ್ ಹಾಕಿ, ಒಂದು ದಿನ ತಳ ಕಟ್ಟಲು ಬಿಟ್ಟು, ತಳದ ಹನಿಯನ್ನು ಚೌಕಳಿ ಗಾಜಿನ ಮೇಲಿಟ್ಟು ಪಾಚಿ ಎಣಿಸಬೇಕು. ಬರಿಗಣ್ಣಿಗೆ ಕಾಣದ ಪಾಚಿ. ಒಂದು ಹನಿಯಲ್ಲಿ ನಾಲ್ಕೂರಿನ ಪಾಚಿ ಮದುವೆ ಊಟಕ್ಕೆ ಕೂತರೂ ಮೊಣಕೈ ತಾಗುವುದಿಲ್ಲ. ಇಷ್ಟು ಚುರುಕು ಕಣ್ಣಿನವಳು ತಲೆಯ ಮೇಲಿರುವ ಕನ್ನಡಕವನ್ನು ಮನೆಮಂದಿಯಿಂದೆಲ್ಲ ಹುಡುಕಿಸುತ್ತಾಳೆ.

ಆ ಬೇಸಿಗೆಯಲ್ಲಿ ಮೂರು ವಾರ ಅವಳ ವರದಿ ಒಂದೇ ರಾಗ ಹಾಡಿತು. ಹತ್ತಾರು ಜಾತಿಯ ಪಾಚಿ ಇದ್ದ ಕಡೆ ಈಗ ಒಂದೇ ಜಾತಿಯ ನೀಲಿ-ಹಸಿರು ಪಾಚಿ ತಳವೂರುತ್ತಿದೆ. ಅದು ವಿಷ ಬಿಡಬಹುದು. ತೇಲುವ ಪಾಚಿಯಾದ್ದರಿಂದ ಮೇಲಿನ ತೂಬು ಮುಚ್ಚಿ ಕೆಳಗಿನದನ್ನು ತೆರೆಯಿರಿ. ಕೆಳಗಿನ ತೂಬು ಚಿಕ್ಕದು, ತೆರೆದರೆ ನಗರಕ್ಕೆ ಅರ್ಧವೇ ನೀರು. ಹೊಸದಾಗಿ ಬಂದಿದ್ದ ಇಂಜಿನಿಯರಿಗೆ ಈ ಮಾತು ಗಂಟಲಲ್ಲಿ ಇಳಿಯಲಿಲ್ಲ.

“ನೀರು ಕನ್ನಡಿ ಹಾಗಿದೆ ಮೇಡಂ. ನೀರಿನ ಗುಣ ಅಳೆಯೋ ಮೀಟರೂ ಚೆನ್ನಾಗಿದೆ ಅಂತಿದೆ.”

“ಮೀಟರು ಇವತ್ತು ಬಂದ ನೆಂಟ ಸರ್. ಪಾಚಿ ಅಲ್ಲೇ ಸಂಸಾರ ಮಾಡ್ಕೊಂಡಿರೋದು. ಮನೆ ಸಮಾಚಾರ ಯಾರನ್ನ ಕೇಳ್ಬೇಕು?”

“ಸರಿ, ಈ ವಾರದ್ದೂ ನೋಡಿಬಿಡೋಣ. ನೀರು ಚೆನ್ನಾಗಿದ್ರೆ ಈ ಕೋಣೆ ಸ್ಟೋರ್ ರೂಮು, ನೀವು ಟಪಾಲು ವಿಭಾಗಕ್ಕೆ.”

ಆ ಸೋಮವಾರ ಎಂಥ ಗಾಳಿ ಎಂದರೆ, ಮೀನುಗಳೂ ಒಂದರ ಬಾಲ ಒಂದು ಕಚ್ಚಿಕೊಂಡು ನಿಂತಿದ್ದವು. ನಾನು ತೂಬಿನ ತನಕ ಹೋಗಲಿಲ್ಲ. ತೊರೆ ಬಂದು ಸೇರುವ ಕಡೆ ಬಂಡೆಯ ಮೇಲೆ ಕೂತು ಬಾಟಲಿ ಅದ್ದಿ, ಚೀಟಿಯ ಮೇಲೆ ‘ಮೇಲಿನ ತೂಬು’ ಎಂದು ದುಂಡಗೆ ಬರೆದೆ. ಎಲ್ಲಿಯದಾದರೇನು, ನೀರು ನೀರೇ ತಾನೆ?

ಮರುದಿನ ಇಂಜಿನಿಯರು ಬಂದು ಅವಳ ಹಿಂದೆಯೇ ನಿಂತರು. ನಾದಿನಿ ಎಣಿಸಿದಳು, ಮತ್ತೊಮ್ಮೆ ಎಣಿಸಿದಳು.

“ಇಪ್ಪತ್ತಾರು ಜಾತಿ. ನೀಲಿ-ಹಸಿರು ಒಂದೂ ಇಲ್ಲ.”

“ಹಾಗಾದ್ರೆ ನೀರು ಚೆನ್ನಾಗಿದೆ!”

“ಬಹಳ ಚೆನ್ನಾಗಿದೆ ಸರ್. ಆದ್ರೆ ಇದು ಊರು ಕುಡಿಯೋ ನೀರಲ್ಲ.” ನನ್ನತ್ತ ತಿರುಗಿದಳು. “ಭಾವ, ಎಲ್ಲಿ ತುಂಬಿಸಿದ್ರಿ?”

“ತೂಬಿನ ಹತ್ರಾನೇ. ಬೇಕಾದ್ರೆ ನಿಮ್ಮಕ್ಕನ ಮೇಲೆ ಆಣೆ.”

“ಅಕ್ಕನ್ನ ಯಾಕೆ ನೀರಿಗೆ ತಳ್ತೀರಿ? ಇಲ್ಲಿರೋದೆಲ್ಲ ಹರಿಯೋ ನೀರಲ್ಲಿ ಕಲ್ಲಿಗೆ ಅಂಟ್ಕೊಂಡು ಬದುಕೋ ಪಾಚಿ. ತೂಬಿನ ಹತ್ರ ಎಂಟಾಳುದ್ದ ನಿಂತ ನೀರು, ಕಲ್ಲೆಲ್ಲಿಂದ ಬಂತು? ತೊರೆ ಬಾಯಲ್ಲಿ ಬಂಡೆ ಮೇಲೆ ಕೂತು ಬಗ್ಗಿ ತುಂಬಿಸಿದೀರಿ.”

ಕೂತ ಭಂಗಿಯನ್ನೂ ಹೇಳಿಬಿಟ್ಟಳು! ಇನ್ನೊಂದು ಚೌಕ ನೋಡಿದ್ದರೆ ನನ್ನ ಅಂಗಿಯಲ್ಲಿ ಎಷ್ಟು ಗುಂಡಿ ಕಿತ್ತುಹೋಗಿವೆ ಎಂಬುದನ್ನೂ ಹೇಳುತ್ತಿದ್ದಳು. ತಲೆ ತಗ್ಗಿಸಿ ಒಪ್ಪಿಕೊಂಡೆ.

“ಹುಟ್ಟು ತಗೊಳ್ಳಿ ಭಾವ. ಸರ್, ನೀವೂ ಬನ್ನಿ.”

ಗಾಳಿ ಇನ್ನೂ ಇಳಿದಿರಲಿಲ್ಲ. ಒಂದೊಂದು ಅಲೆಯೂ ಮಾಳಿಗೆ ಮನೆಯಷ್ಟು ಎತ್ತರ. ಇಂಜಿನಿಯರು ನನ್ನ ಸೊಂಟ ಹಿಡಿದುಕೊಂಡ ಪಟ್ಟು ಇವತ್ತಿಗೂ ಮೋಡ ಕವಿದರೆ ನೋಯುತ್ತದೆ. ನಾದಿನಿ ಮಾತ್ರ ಅಡುಗೆಮನೆಯಲ್ಲಿ ಚೊಂಬು ತುಂಬಿಸುವವಳಂತೆ ತೂಬಿನ ಬಳಿ ಬಾಟಲಿ ತುಂಬಿಸಿ, ಚೀಟಿಯನ್ನೂ ತಾನೇ ಬರೆದಳು.

ತಳ ಕಟ್ಟಿದ ಮೇಲೆ ಮರುದಿನ ಮೈಕ್ರೋಸ್ಕೋಪಿಗೆ ಮೊದಲು ಕಣ್ಣಿಟ್ಟವರು ಇಂಜಿನಿಯರು. ಚೌಕದಿಂದ ಚೌಕಕ್ಕೆ ಒಂದೇ ಬಗೆಯ ಎಳೆ, ಬಾಚದ ಕೂದಲಿನ ಹಾಗೆ ಸಿಕ್ಕುಸಿಕ್ಕು. ಮಧ್ಯಾಹ್ನದೊಳಗೆ ಕೆಳಗಿನ ತೂಬು ತೆರೆಯಿತು. ಐದನೆಯ ದಿನ ಮೇಲಿನ ತೂಬಿನ ಸುತ್ತ ಹಸಿರು ಪೇಂಟಿನ ಡಬ್ಬಿ ಮಗುಚಿದಂತೆ ಕೆನೆ ಕಟ್ಟಿತು. ಊರಿನ ನಲ್ಲಿಗಳಲ್ಲಿ ಅರ್ಧ ನೀರು ಬಂತು, ಒಳ್ಳೆಯ ನೀರು ಬಂತು. ಟಪಾಲು ವಿಭಾಗದ ಮಾತು ಮತ್ತೆ ಯಾರ ಬಾಯಲ್ಲೂ ಬರಲಿಲ್ಲ. ಬದಲಿಗೆ ನಾದಿನಿಯ ಕೋಣೆಗೆ ಇನ್ನೊಂದು ಮೈಕ್ರೋಸ್ಕೋಪು ಬಂತು.

ಅದನ್ನು ಹೊತ್ತು ತಂದಿಟ್ಟವನು ನಾನೇ. ಬೆವರೊರೆಸಿಕೊಂಡು ಅಂದೆ:

“ನೋಡು, ಅವತ್ತು ನಾನು ಸುಳ್ಳು ಬಾಟಲಿ ತರದೆ ಇದ್ದಿದ್ರೆ ನಿನ್ನ ವಿದ್ಯೆ ಅವರಿಗೆ ಗೊತ್ತೇ ಆಗ್ತಿರ್ಲಿಲ್ಲ. ಈ ಕೋಣೆ ಉಳಿದಿದ್ದು ನನ್ನಿಂದ.”

ಅವಳು ಗಾಜಿನಿಂದ ಕಣ್ಣೆತ್ತಲಿಲ್ಲ.

“ನಿಜ ಭಾವ. ಆ ನೀಲಿ-ಹಸಿರು ಪಾಚಿಗೂ ನಾನು ಅಷ್ಟೇ ಋಣಿ. ಪುಣ್ಯಕ್ಕೆ ಅದಕ್ಕೆ ಬಾಯಿಲ್ಲ.”