ಹಿಮ ಅಳೆಯುವವಳ ಜಾಡು

ಫೆಬ್ರವರಿ ಹನ್ನೊಂದರ ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಮೆಂಗಿಯಾ ಹಿಮಕುಸಿತದಲ್ಲಿ ಸತ್ತಳು. ಅವಳಿಗೆ ಅರವತ್ತಮೂರು. ಗೆಳೆಯ ಕೊರ್ಸಿನ್ ಮತ್ತು ಗುರುತಿಲ್ಲದ ನಾಲ್ವರು ಸೇರಿ ಮೂವತ್ತೈದು ನಿಮಿಷದಲ್ಲಿ ಅವಳನ್ನು ಅಗೆದು ತೆಗೆದರು. ಅಷ್ಟು ಹೊತ್ತು ಹಿಮದಡಿಯಿದ್ದು ಬದುಕುವವರು ಕಡಿಮೆ.

ಆಲ್ಪ್ಸ್ ಬೆಟ್ಟಗಳ ನಡುವಿನ ಸೆರ್ನೆಯಾದಲ್ಲಿ ಅವಳು ಹೋಟೆಲಿನ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಆದರೆ ಊರಿಗೆ ಅವಳು ಹಿಮ ಅಳೆಯುವವಳು. ಇಪ್ಪತ್ತೇಳು ಚಳಿಗಾಲ, ಬೆಳಿಗ್ಗೆ ಏಳಕ್ಕೆ ಮನೆ ಹಿಂದಿನ ಅಳತೆಗೋಲು ನೋಡಿ ಹಿಮದ ಕಚೇರಿಗೆ ಫೋನ್ ಮಾಡುತ್ತಿದ್ದಳು. ಎರಡು ವಾರಕ್ಕೊಮ್ಮೆ ಮುವೊತ್ ಬೆಟ್ಟದಲ್ಲಿ ಗುಂಡಿ ತೋಡಿ, ಪದರ ಪದರವಾಗಿ ಹಿಮವನ್ನು ಕೈಯಿಂದ ಒತ್ತಿ ನೋಡುತ್ತಿದ್ದಳು. ಮುಷ್ಟಿ ಒಳಹೊಕ್ಕರೆ ತೀರ ಮೆತ್ತಗಿನದು. ಆಮೇಲೆ ನಾಲ್ಕು ಬೆರಳು, ಒಂದು ಬೆರಳು, ಪೆನ್ಸಿಲ್, ಕೊನೆಗೆ ಚಾಕು ಮಾತ್ರ ಇಳಿಯುವಷ್ಟು ಗಟ್ಟಿ. ಒಬ್ಬರೇ ಹೋಗುವಂತಿಲ್ಲ. ಜೊತೆಗೆ ಬಡಗಿ ಕೊರ್ಸಿನ್ ಹೋಗುತ್ತಿದ್ದ.

"ನಿನ್ನ ಮುಷ್ಟಿ ನಂಬೋ ಹಾಗಿಲ್ಲ ಕಣೇ. ಇಸ್ತ್ರಿ ಹಾಕಿ ಹಾಕಿ ಕಲ್ಲಾಗಿದೆ. ಅದಕ್ಕೆ ಎಲ್ಲಾ ಮೆತ್ತಗೇ ಕಾಣತ್ತೆ."

"ನಿನ್ನ ತಲೆ ಒತ್ತಿ ನೋಡ್ಲಾ? ಚಾಕೂ ಹೋಗಲ್ಲ."

ಒಂಬತ್ತು ವರ್ಷದ ಹಿಂದೆ ಪಟ್ಟಣದ ಗಂಡಹೆಂಡಿರು ಅವಳ ಸ್ಕೀ ಜಾಡು ಹಿಡಿದು ಗುಂಡಿಯವರೆಗೆ ಬಂದಿದ್ದರು. ಅವಳು ಅಲ್ಲಿಂದ ಹಿಂದಿರುಗಿದ್ದಳು. ಅವರು ಮುಂದೆ ಹೋದರು. ಇಳಿಜಾರು ಒಡೆದು ಗಂಡ ಸತ್ತ. ಉಳಿದ ಹೆಂಗಸು ಆಸ್ಪತ್ರೆಯಲ್ಲಿ ಹೇಳಿದಳು: "ಜಾಡಿತ್ತು. ಗೊತ್ತಿದ್ದವರೇ ಹೋಗಿರ್ತಾರೆ ಅಂದ್ಕೊಂಡ್ವಿ." ಮೆಂಗಿಯಾಳನ್ನು ಯಾರೂ ದೂರಲಿಲ್ಲ. ದೂರಿದ್ದರೆ ಅವಳಿಗೆ ಹಗುರವಾಗುತ್ತಿತ್ತೋ ಏನೋ. ಅಂದಿನಿಂದ ಅವಳು ಬಯಲು ಬಿಟ್ಟು ದಟ್ಟ ಕಾಡಿನೊಳಗಿಂದಲೇ ಹತ್ತಿದಳು. ಒಂದು ಗಂಟೆ ಹೆಚ್ಚು ಹಿಡಿಯುತ್ತಿತ್ತು, ಆದರೆ ರಸ್ತೆಯಿಂದ ಜಾಡು ಕಾಣುತ್ತಿರಲಿಲ್ಲ.

ಆ ಮಂಗಳವಾರದ ಹಿಂದಿನ ಎರಡು ದಿನ ಗಾಳಿ ಬೀಸಿ ಹೊಸ ಹಿಮ ಬಿದ್ದಿತ್ತು. ಕಚೇರಿಯವರು ಹಿಮಕುಸಿತದ ಅಪಾಯ ಐದರಲ್ಲಿ ಮೂರು ಎಂದಿದ್ದರು. ಹತ್ತುವಾಗ ಮೆಂಗಿಯಾ ಗೊಣಗಿದಳು: "ಐದಕ್ಕೆ ಮೂರು ಅಂದ್ರೆ ಪಾಸು ಅಂದ್ಕೋತಾರೆ ಈ ಜನ. ಸಾಯೋದು ಮೂರರಲ್ಲೇ ಜಾಸ್ತಿ."

ಕಾಡಿನ ನಡುವೆ ದೊಡ್ಡ ಮರವೊಂದು ಅಡ್ಡ ಉರುಳಿತ್ತು. ಕೊರ್ಸಿನ್ ಮೊಣಕಾಲು ಹಿಡಿದು ನಿಂತ. "ಇದನ್ನ ಹತ್ತಿ ಇಳಿಯೋಕೆ ಆಗಲ್ಲ ಮಾರಾಯ್ತಿ. ಪಕ್ಕದ ಬಯಲಲ್ಲಿ ಹೋಗೋಣ. ಮೂವತ್ತು ಮೀಟರು, ಅಷ್ಟೇ."

ಅವಳು ಮೇಲಿನ ಇಳಿಜಾರನ್ನು ತುಂಬ ಹೊತ್ತು ನೋಡಿದಳು. ಆಮೇಲೆ ಅವನ ಮೊಣಕಾಲು ನೋಡಿದಳು. ಒಬ್ಬರಾದ ಮೇಲೆ ಒಬ್ಬರು ದಾಟಿದರು. ಏನೂ ಆಗಲಿಲ್ಲ.

ಗುಂಡಿಯಲ್ಲಿ ಮೇಲಿನ ಗಟ್ಟಿ ಪದರದ ಕೆಳಗೆ ಅವಳ ಮುಷ್ಟಿ ಸಲೀಸಾಗಿ ಒಳಹೋಯಿತು. ಕೈಗೆ ಬಂದ ಹಿಮದ ಕಾಳು ಸಕ್ಕರೆಯಂತೆ ಉದುರಿತು. ಮೇಲಿನ ಪದರ ಜಾರಿ ಕುಸಿಯಲು ಅಷ್ಟು ಸಾಕು. ಅವಳು ತಮಾಷೆ ಮಾಡಲಿಲ್ಲ. ಇಳಿಯುವಾಗ ಬಯಲಿಗೆ ಹೋಗದೆ, ಬಿದ್ದ ಮರವನ್ನು ಮೊದಲು ತಾನು ಹತ್ತಿ, ಕೊರ್ಸಿನ್‌ನನ್ನು ರಟ್ಟೆ ಹಿಡಿದು ದಾಟಿಸಿದಳು. ಅವನು ಬೈದುಕೊಂಡೇ ದಾಟಿದ.

ಬೆಳಿಗ್ಗೆ ಬಯಲಿಗೆ ಹೊರಳಿದ್ದ ಕಾಡಿನ ಅಂಚಿಗೆ ಬಂದಾಗ ಕೆಳಗೆ ನಾಲ್ವರು ಕಂಡರು. ರಸ್ತೆಯಿಂದ ನೇರ ಬಯಲಲ್ಲೇ, ಬೆಳಿಗ್ಗೆಯ ಆ ಮೂವತ್ತು ಮೀಟರಿನ ಗೆರೆಯತ್ತ ಹತ್ತಿ ಬರುತ್ತಿದ್ದರು. ಬಿಳಿ ಬಯಲಿನಲ್ಲಿ ಇದ್ದದ್ದು ಅದೊಂದೇ ಜಾಡು.

"ಕೂಗು," ಎಂದಳು.

ಕೊರ್ಸಿನ್ ಗಂಟಲು ಹರಿಯುವಂತೆ ಕೂಗಿದ. ಗಾಳಿ ಎದುರಿಗಿತ್ತು. ಅವರಲ್ಲೊಬ್ಬ ಖುಷಿಯಿಂದ ಕೈ ಬೀಸಿ ಮತ್ತೆ ಹತ್ತತೊಡಗಿದ.

ಮೆಂಗಿಯಾ ಸ್ಕೀ ಕೋಲುಗಳ ಪಟ್ಟಿಯಿಂದ ಕೈ ಬಿಡಿಸಿಕೊಂಡಳು; ಹಿಮ ಎಳೆದೊಯ್ದರೆ ಅವು ಕೈಗೆ ತೊಡರಬಾರದು.

"ಎಲ್ಲಿಗೆ? ನಿಂಗೆ ತಲೆ ನೆಟ್ಟಗಿದೆಯಾ? ಈಗ ತಾನೆ ಮುಷ್ಟಿ ಇಟ್ಟು ನೋಡಿದ್ಯಲ್ಲ!"

"ಅದು ನನ್ನ ಜಾಡು ಕೊರ್ಸಿನ್."

"ನಮ್ಮಿಬ್ಬರದು. ನಾನಲ್ವಾ ಹಠ ಮಾಡಿದ್ದು? ನಾನು ಹೋಗ್ತೀನಿ."

"ಆ ಕಾಲಲ್ಲಿ? ಸುಮ್ನೆ ನಿಂತ್ಕೊ. ನನ್ನ ಮೇಲೆ ಕಣ್ಣಿರಲಿ."

ಕೊರ್ಸಿನ್ ನಿಂತ. ಇಳಿಜಾರು ಒಡೆಯುವ ಮುಂಚೆ ಅವನು ಕಂಡದ್ದು ಇಷ್ಟು. ಅವಳು ಬಯಲಿಗೆ ಹತ್ತು ಮೀಟರು ಹೋಗಿ ಗೆರೆಯ ಮೇಲೆ ನಿಂತು, ಕೋಲುಗಳೆರಡನ್ನೂ ಕತ್ತರಿಯಾಕಾರದಲ್ಲಿ ನೆಟ್ಟಳು. ಬರಬೇಡಿ ಎಂದು ಅದರರ್ಥ; ಬೆಟ್ಟ ಹತ್ತುವವರಿಗೆ ಅದು ಗೊತ್ತು. ಕೆಳಗಿನವರಲ್ಲಿ ಮುಂದಿದ್ದವನು ನಿಂತ, ಹಿಂದಿನವರಿಗೂ ಕೈ ಅಡ್ಡ ಹಿಡಿದ. ಅಷ್ಟು ಸಾಕಾಗಿತ್ತು. "ಬಾ, ಬಂದ್ಬಿಡು!" ಎಂದು ಕೊರ್ಸಿನ್ ಕೂಗಿದ. ಅವಳು ಇತ್ತ ತಿರುಗಿದಳು. ಆಗ ಒಂದು ಕೋಲು ವಾಲಿತು. ಅವಳು ಬಗ್ಗಿ, ಅದರ ಬುಡಕ್ಕೆ ಎರಡೂ ಕೈಯಿಂದ ಹಿಮ ಒತ್ತಿ, ನೆಟ್ಟಗೆ ನಿಲ್ಲಿಸಿದಳು.